ಟೇಬಲ್ ತೆರೆಯುತ್ತದೆ, ಇಂಡೆಕ್ಸ್ ತೆರೆಯುವುದಿಲ್ಲ: ಡೈನಮೋಡಿಬಿ ಇಂಡೆಕ್ಸ್ ಪರ್ಮಿಷನ್ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಲಾಟ್ ನಂಬರ್ ಹಾಕಿದರೆ ವಿವರ ಬರುತ್ತದೆ. ಬೆಳೆಗಾರರ ಕೋಡ್ ಹಾಕಿ ಹುಡುಕಿದರೆ ‘ಆಕ್ಸೆಸ್ ಡಿನೈಡ್’. ಆ್ಯಪ್ ಒಂದೇ, ಟೇಬಲ್ ಒಂದೇ, ಲಾಗಿನ್ ಕೂಡ ಒಂದೇ. ಆದರೂ ಅರ್ಧ ಕೆಲಸ ಆಗುತ್ತದೆ, ಇನ್ನರ್ಧ ಆಗುವುದಿಲ್ಲ. ಅಮೆಜಾನ್‌ನ ಕ್ಲೌಡ್ ಡೇಟಾಬೇಸ್ ಆದ ಡೈನಮೋಡಿಬಿ ಬಳಸುವವರಿಗೆ ಎದುರಾಗುವ ಪರ್ಮಿಷನ್ ತೊಂದರೆಗಳಲ್ಲಿ ಇದು ತುಂಬಾ ಸಾಮಾನ್ಯ. ಸರಿಪಡಿಸುವುದು ಕಷ್ಟವಲ್ಲ. ಆದರೆ ಕಾರಣ ತಿಳಿಯದೆ ಕೈ ಹಾಕಿದವರು ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತಾರೆ: ‘ಫುಲ್ ಆಕ್ಸೆಸ್’ ಕೊಟ್ಟು ಮುಗಿಸಿಬಿಡುತ್ತಾರೆ. ಅದು ಬೇಡ. ಇಂಡೆಕ್ಸ್‌ಗೆ ಬೇರೆ ಪರ್ಮಿಷನ್ ಇರುವುದು ನಿಮ್ಮ ಅನುಕೂಲಕ್ಕೇ. ಅದನ್ನು ಉಳಿಸಿಕೊಂಡೇ ತೊಂದರೆ ಬಿಡಿಸುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ.

ಉದಾಹರಣೆಗೆ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ಇಟ್ಟುಕೊಳ್ಳೋಣ. ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಕೊಯ್ಲು ಶುರುವಾದ ಮೇಲೆ ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು, ಕೊಪ್ಪದ ಕಡೆಯಿಂದ ಲೋಡ್ ಬರುತ್ತಲೇ ಇರುತ್ತದೆ. ಗೇಟ್‌ನಲ್ಲಿ ತೂಕ ಮಾಡುತ್ತಾರೆ, ತೇವಾಂಶ ನೋಡುತ್ತಾರೆ, ಕಾಫಿಯ ಬಗೆ ಪಾರ್ಚ್‌ಮೆಂಟೋ ಚೆರ್ರಿಯೋ ಬರೆದುಕೊಳ್ಳುತ್ತಾರೆ, ಒಂದು ಲಾಟ್ ನಂಬರ್ ಕೊಡುತ್ತಾರೆ. ಇದೆಲ್ಲ ‘ಕಾಫಿಆವಕ’ ಎಂಬ ಡೈನಮೋಡಿಬಿ ಟೇಬಲ್‌ಗೆ ಸೇರುತ್ತದೆ. ಟೇಬಲ್‌ನ ಪಾರ್ಟಿಷನ್ ಕೀ, ಅಂದರೆ ದಾಖಲೆ ಹುಡುಕಲು ಕೊಡಬೇಕಾದ ಮುಖ್ಯ ಗುರುತು, ಲಾಟ್ ನಂಬರ್.

ಆದರೆ ತೋಟದವರು ಲಾಟ್ ನಂಬರ್ ಹಿಡಿದುಕೊಂಡು ಬರುವುದಿಲ್ಲ. ‘ನಮ್ಮದು ಈ ವಾರ ಎಷ್ಟು ಮೂಟೆ ಆಯ್ತು, ನೋಡಿ ಹೇಳಿ’ ಎನ್ನುತ್ತಾರೆ. ಅದಕ್ಕಾಗಿ ಬೆಳೆಗಾರರ ಕೋಡ್ ಪಾರ್ಟಿಷನ್ ಕೀ, ದಿನಾಂಕ ಸಾರ್ಟ್ ಕೀ (ಸಾಲಾಗಿ ಜೋಡಿಸುವ ಕೀ) ಆಗಿರುವ ಒಂದು ಗ್ಲೋಬಲ್ ಸೆಕೆಂಡರಿ ಇಂಡೆಕ್ಸ್, ಅಂದರೆ ಅದೇ ದಾಖಲೆಗಳನ್ನು ಬೇರೆ ಕೀ ಮೇಲೆ ಜೋಡಿಸಿದ ಪಟ್ಟಿ, ಮಾಡಿದ್ದೇವೆ. ಅದರ ಹೆಸರು ‘ಬೆಳೆಗಾರದಿನಾಂಕ’. ಇದು ಇಲ್ಲದಿದ್ದರೆ ಒಬ್ಬರ ಲೆಕ್ಕ ಹೇಳಲು ಇಡೀ ಟೇಬಲ್ ಸ್ಕ್ಯಾನ್ ಮಾಡಬೇಕಾಗುತ್ತಿತ್ತು, ಅಂದರೆ ಒಂದೊಂದೂ ದಾಖಲೆ ಓದಬೇಕಾಗುತ್ತಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓದಲು ಸುಲಭವಾಗಲಿ ಎಂದು ಪಾಲಿಸಿಯ (ಯಾರಿಗೆ ಏನು ಮಾಡಲು ಅನುಮತಿ ಎಂದು ಬರೆದಿಡುವ ನಿಯಮಪಟ್ಟಿ) ಸಾಲುಗಳನ್ನೂ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನಿಮ್ಮ ಅಸಲಿ ಪಾಲಿಸಿಯಲ್ಲಿ ಇವೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಡೈನಮೋಡಿಬಿ ಟೇಬಲ್ ಮತ್ತು ಇಂಡೆಕ್ಸ್ ಹೆಸರುಗಳಲ್ಲಿ ಕನ್ನಡ ಅಕ್ಷರ ನಡೆಯುವುದಿಲ್ಲ.

ತೊಂದರೆಯ ಬೇರು ಎಲ್ಲಿದೆ

ಹಳೆಯ ಕಾಲದ ಮಂಡಿಯಲ್ಲಿ ಎರಡು ಪುಸ್ತಕ ಇರುತ್ತಿದ್ದವು. ಬಂದ ಮಾಲನ್ನು ಬಂದ ಕ್ರಮದಲ್ಲೇ ಬರೆಯುವ ಪುಸ್ತಕ ಒಂದು. ಒಬ್ಬೊಬ್ಬರ ಹೆಸರಿಗೆ ಒಂದೊಂದು ಪುಟ ಇಟ್ಟ ಖಾತೆ ಪುಸ್ತಕ ಇನ್ನೊಂದು. ಮಾಲು ಅದೇ, ಪುಸ್ತಕ ಬೇರೆ. ಮೊದಲ ಪುಸ್ತಕದ ಬೀರುವಿನ ಬೀಗದ ಕೈ ಇದ್ದ ಮಾತ್ರಕ್ಕೆ ಎರಡನೆಯದು ತೆರೆಯುವುದಿಲ್ಲ. ಡೈನಮೋಡಿಬಿಯಲ್ಲಿ ಟೇಬಲ್ ಮತ್ತು ಇಂಡೆಕ್ಸ್ ಇರುವುದೂ ಹೀಗೆಯೇ.

ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನಲ್ಲಿ ಯಾರಿಗೆ ಯಾವುದಕ್ಕೆ ಪರ್ಮಿಷನ್ ಎಂದು ನಿರ್ಧರಿಸುವುದು ಐಎಎಂ. ಅದರ ಕಣ್ಣಿಗೆ ಪ್ರತಿ ವಸ್ತುವಿಗೂ ಒಂದು ವಿಳಾಸ ಇದೆ. ಅದನ್ನು ಎಆರ್‌ಎನ್ ಎನ್ನುತ್ತಾರೆ. ನಮ್ಮ ಟೇಬಲ್‌ನ ವಿಳಾಸ ಈ ಆಕಾರದಲ್ಲಿದೆ:

ಎಆರ್‌ಎನ್:ಎಡಬ್ಲ್ಯುಎಸ್:ಡೈನಮೋಡಿಬಿ:ಎಪಿ-ಸೌತ್-1:111122223333:ಟೇಬಲ್/ಕಾಫಿಆವಕ

ಇಂಡೆಕ್ಸ್‌ನ ವಿಳಾಸ ಇದು:

ಎಆರ್‌ಎನ್:ಎಡಬ್ಲ್ಯುಎಸ್:ಡೈನಮೋಡಿಬಿ:ಎಪಿ-ಸೌತ್-1:111122223333:ಟೇಬಲ್/ಕಾಫಿಆವಕ/ಇಂಡೆಕ್ಸ್/ಬೆಳೆಗಾರದಿನಾಂಕ

ನೋಡಿದರೆ ಎರಡನೆಯದು ಮೊದಲನೆಯದರ ಒಳಗೇ ಇದೆ ಅನ್ನಿಸುತ್ತದೆ, ಅಲ್ವಾ? ಕಂಪ್ಯೂಟರ್‌ನಲ್ಲಿ ಫೋಲ್ಡರ್ ಪರ್ಮಿಷನ್ ಕೊಟ್ಟರೆ ಒಳಗಿನ ಫೈಲಿಗೂ ಸಿಗುತ್ತದೆ. ಐಎಎಂ ಹಾಗೆ ಯೋಚಿಸುವುದಿಲ್ಲ. ಅದು ಪಾಲಿಸಿಯಲ್ಲಿ ಬರೆದ ವಿಳಾಸವನ್ನೂ ಕೇಳಿದ ವಿಳಾಸವನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ನಕ್ಷತ್ರ ಚಿಹ್ನೆ ಇದ್ದರೆ ಮಾತ್ರ ಆ ಜಾಗದಲ್ಲಿ ಏನು ಬೇಕಾದರೂ ಬರಬಹುದು. ನಕ್ಷತ್ರ ಇಲ್ಲದ ಟೇಬಲ್ ವಿಳಾಸ ಟೇಬಲ್‌ಗೆ ಮಾತ್ರ. ಲೋಕಲ್ ಸೆಕೆಂಡರಿ ಇಂಡೆಕ್ಸ್‌ಗೂ (ಟೇಬಲ್‌ನ ಪಾರ್ಟಿಷನ್ ಕೀಯನ್ನೇ ಇಟ್ಟು ಸಾರ್ಟ್ ಕೀ ಮಾತ್ರ ಬೇರೆ ಮಾಡಿದ ಇಂಡೆಕ್ಸ್) ಇದೇ ನಿಯಮ. ಅದರ ವಿಳಾಸವೂ ಇದೇ ಆಕಾರದ್ದು.

ಹಂತ 1: ಎರರ್ ಮೆಸೇಜ್ ಪೂರ್ತಿ ಓದಿ

‘ಆಕ್ಸೆಸ್ ಡಿನೈಡ್ ಎಕ್ಸೆಪ್ಷನ್’ ಎಂಬ ಮೊದಲ ಎರಡು ಮೂರು ಪದ ಓದಿ ನಿಲ್ಲಿಸುವವರೇ ಜಾಸ್ತಿ. ಉಳಿದ ಸಾಲಿನಲ್ಲೇ ಉತ್ತರ ಇರುತ್ತದೆ. ಆ್ಯಪ್‌ನ ಪರದೆಯಲ್ಲಿ ‘ಏನೋ ತಪ್ಪಾಗಿದೆ’ ಎಂದು ಮಾತ್ರ ಬರುತ್ತಿದ್ದರೆ ಸರ್ವರ್‌ನ ಲಾಗ್ ತೆರೆಯಿರಿ. ಆ್ಯಪ್‌ನ ಕೋಡ್ ಎಡಬ್ಲ್ಯುಎಸ್‌ನ ಲ್ಯಾಂಬ್ಡಾ ಸೇವೆಯಲ್ಲಿ ಓಡುತ್ತಿದ್ದರೆ ಲಾಗ್ ಕ್ಲೌಡ್‌ವಾಚ್ ಸೇವೆಯಲ್ಲಿರುತ್ತದೆ.

ಆ ಸಾಲಿನಲ್ಲಿ ನಾಲ್ಕು ಸಂಗತಿ ಹುಡುಕಿ. ಯಾರು ಕೇಳಿದರು: ‘ಯೂಸರ್’ ಎಂಬುದರ ಮುಂದಿನ ವಿಳಾಸ. ಏನು ಮಾಡಲು ಹೋದರು: ‘ಡೈನಮೋಡಿಬಿ:ಕ್ವೆರಿ’ (ಕೀ ಹಿಡಿದು ಹುಡುಕುವುದು) ಇಲ್ಲವೇ ‘ಡೈನಮೋಡಿಬಿ:ಸ್ಕ್ಯಾನ್’. ಯಾವುದರ ಮೇಲೆ: ‘ರಿಸೋರ್ಸ್’ ಮುಂದಿನ ವಿಳಾಸ. ಯಾಕೆ ಬೇಡ ಎಂದಿತು: ಕೊನೆಯಲ್ಲಿ ‘ಬಿಕಾಸ್’ ಅಥವಾ ‘ವಿತ್ ಆ್ಯನ್ ಎಕ್ಸ್‌ಪ್ಲಿಸಿಟ್ ಡಿನೈ’ ಎಂದು ಶುರುವಾಗುವ ಭಾಗ. ಈ ನಾಲ್ಕನ್ನೂ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಮುಂದಿನ ಎಲ್ಲ ಹಂತಕ್ಕೂ ಇದೇ ಆಧಾರ.

ರಿಸೋರ್ಸ್ ವಿಳಾಸದ ಕೊನೆಯಲ್ಲಿ ‘/ಇಂಡೆಕ್ಸ್/’ ಎಂದು ಇದ್ದರೆ ಈ ಲೇಖನ ನಿಮಗೇ. ಅದು ಇಲ್ಲದೆ ಬರೀ ಟೇಬಲ್ ಹೆಸರಿಗೆ ನಿಂತಿದ್ದರೆ, ಟೇಬಲ್‌ನ ಪರ್ಮಿಷನ್ನೇ ಇಲ್ಲ. ಇಂಡೆಕ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 2: ಇದು ಪರ್ಮಿಷನ್ ತೊಂದರೆಯೇ ಎಂದು ಖಚಿತ ಮಾಡಿಕೊಳ್ಳಿ

ಇಂಡೆಕ್ಸ್ ಹುಡುಕಾಟ ಸೋತಾಗಲೆಲ್ಲ ಪರ್ಮಿಷನ್ ಮೇಲೆ ಅನುಮಾನ ಪಡಬೇಕಾಗಿಲ್ಲ. ಮಲೆನಾಡಿನಲ್ಲಿ ಮೊದಲ ಅನುಮಾನ ನೆಟ್‌ವರ್ಕ್ ಮೇಲೆ ಹೋಗುತ್ತದೆ, ಅದು ಸಹಜ. ಘಾಟಿಯ ಪಕ್ಕದ ತೋಟದಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತಿರುತ್ತದೆ. ಆದರೆ ಇವೆರಡನ್ನು ಬೇರೆ ಮಾಡುವುದು ಸುಲಭ. ಸಿಗ್ನಲ್ ಹೋದರೆ ಟೈಮ್‌ಔಟ್ ಬರುತ್ತದೆ, ಕಾಯಬೇಕಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಕೆಲಸ ಆಗಲೂಬಹುದು. ಪರ್ಮಿಷನ್ ಇಲ್ಲದಿದ್ದರೆ ಸರ್ವರ್ ತಕ್ಷಣ 400 ಕೋಡ್‌ನ ಉತ್ತರ ಕೊಡುತ್ತದೆ. ಎಷ್ಟು ಸಲ ಒತ್ತಿದರೂ ಅದೇ ಉತ್ತರ. ಆದ್ದರಿಂದ ನಿಮ್ಮ ಕೋಡ್‌ನಲ್ಲಿ ಆಕ್ಸೆಸ್ ಡಿನೈಡ್ ಬಂದಾಗ ಮತ್ತೆ ಮತ್ತೆ ಪ್ರಯತ್ನಿಸುವ ಲೂಪ್ ಇದ್ದರೆ ತೆಗೆದುಹಾಕಿ. ಸುಮ್ನೆ ಸಮಯ ಹಾಳು.

‘ವ್ಯಾಲಿಡೇಷನ್ ಎಕ್ಸೆಪ್ಷನ್’ ಬಂದರೆ ಅದು ಪರ್ಮಿಷನ್ ಅಲ್ಲವೇ ಅಲ್ಲ. ಟೇಬಲ್‌ನಲ್ಲಿ ಆ ಹೆಸರಿನ ಇಂಡೆಕ್ಸ್ ಇಲ್ಲ ಎಂದು ಹೇಳುತ್ತಿದ್ದರೆ ಹೆಸರಿನ ಸ್ಪೆಲ್ಲಿಂಗ್ ನೋಡಿ. ದೊಡ್ಡಕ್ಷರ, ಸಣ್ಣಕ್ಷರ ಎರಡೂ ಬೇರೆ ಬೇರೆ. ಇಂಡೆಕ್ಸ್ ಇನ್ನೂ ಬ್ಯಾಕ್‌ಫಿಲ್ ಆಗುತ್ತಿದೆ ಎಂದರೆ, ಹಳೆಯ ದಾಖಲೆಗಳು ಹೊಸ ಇಂಡೆಕ್ಸ್‌ಗೆ ತುಂಬುತ್ತಿವೆ ಎಂದರ್ಥ. ಅದರ ಸ್ಟೇಟಸ್ ‘ಆ್ಯಕ್ಟಿವ್’ ಆಗುವವರೆಗೆ ಕಾಯಬೇಕು. ಹಲವು ಸೀಸನ್‌ನ ದಾಖಲೆ ಇರುವ ಟೇಬಲ್‌ಗೆ ಹೊಸ ಇಂಡೆಕ್ಸ್ ಸೇರಿಸಿದರೆ ಇದಕ್ಕೆ ಹೊತ್ತು ಹಿಡಿಯುತ್ತದೆ. ಆದ್ದರಿಂದ ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲೇ ಈ ಕೆಲಸ ಮಾಡಿ.

ಗ್ಲೋಬಲ್ ಇಂಡೆಕ್ಸ್ ಮೇಲೆ ‘ಕನ್ಸಿಸ್ಟೆಂಟ್ ರೀಡ್’ (ಈ ಕ್ಷಣದವರೆಗಿನ ಬರಹವೂ ಸೇರಿದ ಓದು) ಕೇಳಿದರೂ ವ್ಯಾಲಿಡೇಷನ್ ಎರರ್ ಬರುತ್ತದೆ. ಗ್ಲೋಬಲ್ ಇಂಡೆಕ್ಸ್‌ಗೆ ಆ ಸೌಲಭ್ಯವೇ ಇಲ್ಲ. ಟೇಬಲ್‌ಗೆ ಬರೆದದ್ದು ಇಂಡೆಕ್ಸ್‌ನಲ್ಲಿ ಕಾಣಲು ಸ್ವಲ್ಪ ಹೊತ್ತು ಬೇಕಾಗಬಹುದು. ಈಗಷ್ಟೇ ತೂಕ ಮಾಡಿದ ಲಾಟ್ ಬೆಳೆಗಾರರ ಪಟ್ಟಿಯಲ್ಲಿ ಕಾಣಲಿಲ್ಲ ಎಂದು ಪರ್ಮಿಷನ್ ಬದಲಾಯಿಸಲು ಹೊರಡಬೇಡಿ. ಎರರ್ ಇಲ್ಲದೆ ಖಾಲಿ ಪಟ್ಟಿ ಬಂದರೆ ಪರ್ಮಿಷನ್ ಸರಿಯಾಗಿದೆ ಎಂದೇ ಅರ್ಥ.

ಹಂತ 3: ಕೇಳುತ್ತಿರುವುದು ಯಾರು?

‘ನನ್ನ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತಿದೆ, ಗೇಟ್‌ನಲ್ಲಿ ನಡೆಯುತ್ತಿಲ್ಲ’ ಎಂಬ ಮಾತು ಕೇಳಿದ ಕೂಡಲೇ ಈ ಹಂತಕ್ಕೆ ಬನ್ನಿ. ಲ್ಯಾಪ್‌ಟಾಪ್‌ನಲ್ಲಿ ಓಡುವಾಗ ನಿಮ್ಮ ಸ್ವಂತ ಲಾಗಿನ್ ಬಳಕೆಯಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಪರ್ಮಿಷನ್ ಹೆಚ್ಚು. ಲ್ಯಾಂಬ್ಡಾದಲ್ಲಿ ಓಡುವಾಗ ಆ ಫಂಕ್ಷನ್‌ಗೆ ಕೊಟ್ಟ ಎಕ್ಸಿಕ್ಯೂಷನ್ ರೋಲ್ (ಪ್ರೋಗ್ರಾಂ ಓಡುವಾಗ ಧರಿಸುವ ಗುರುತು) ಬಳಕೆಯಾಗುತ್ತದೆ. ನೀವು ನಿಮ್ಮ ಲಾಗಿನ್‌ಗೆ ಎಷ್ಟು ಪರ್ಮಿಷನ್ ಸೇರಿಸಿಕೊಂಡರೂ ಲ್ಯಾಂಬ್ಡಾಗೆ ಅದರಿಂದ ಏನೂ ಸಿಗುವುದಿಲ್ಲ.

ಮೆಸೇಜ್‌ನ ಯೂಸರ್ ಭಾಗದಲ್ಲಿ ‘ಅಸ್ಯೂಮ್ಡ್-ರೋಲ್’ ಎಂದಿದ್ದರೆ, ಅದರ ಪಕ್ಕದ ಹೆಸರು ರೋಲ್‌ನದು. ಅದರ ಮುಂದಿನದು ಸೆಷನ್ ಹೆಸರು. ಲ್ಯಾಂಬ್ಡಾ ಆಗಿದ್ದರೆ ಅಲ್ಲಿ ಫಂಕ್ಷನ್‌ನ ಹೆಸರೇ ಇರುತ್ತದೆ. ಕಮಾಂಡ್ ಲೈನ್‌ನಲ್ಲಿ ಅನುಮಾನ ಬಂದರೆ ಎಡಬ್ಲ್ಯುಎಸ್‌ನ ಎಸ್‌ಟಿಎಸ್ ಸೇವೆಯ ‘ಗೆಟ್ ಕಾಲರ್ ಐಡೆಂಟಿಟಿ’ ಕಮಾಂಡ್ ಕೊಡಿ. ನೀವು ಈಗ ಯಾರಾಗಿ ಲಾಗಿನ್ ಆಗಿದ್ದೀರಿ ಎಂದು ಅದು ಹೇಳುತ್ತದೆ. ಇದಕ್ಕೆ ಯಾವ ಪರ್ಮಿಷನ್ನೂ ಬೇಕಿಲ್ಲ. ಟೆಸ್ಟಿಂಗ್‌ಗೆ ಒಂದು ಅಕೌಂಟ್, ಅಸಲಿ ಕೆಲಸಕ್ಕೆ ಇನ್ನೊಂದು ಇಟ್ಟುಕೊಂಡವರು 12 ಅಂಕಿಯ ಅಕೌಂಟ್ ನಂಬರ್ ಕೂಡ ಇಲ್ಲೇ ತಾಳೆ ನೋಡಿ.

ಹಂತ 4: ಎರಡು ವಿಳಾಸಗಳನ್ನು ಒಂದರ ಕೆಳಗೆ ಒಂದು ಇಡಿ

ಈಗ ಐಎಎಂನಲ್ಲಿ ಆ ರೋಲ್ ತೆರೆಯಿರಿ. ಅದಕ್ಕೆ ಅಂಟಿಸಿರುವ ಪಾಲಿಸಿಗಳಲ್ಲಿ ಡೈನಮೋಡಿಬಿಯ ಸಾಲು ಹುಡುಕಿ. ಅಲ್ಲಿನ ರಿಸೋರ್ಸ್ ವಿಳಾಸವನ್ನು ನೋಟ್‌ಪ್ಯಾಡ್‌ನಲ್ಲಿ ಮೇಲೆ ಹಾಕಿ. ಎರರ್ ಮೆಸೇಜ್‌ನಲ್ಲಿರುವ ರಿಸೋರ್ಸ್ ವಿಳಾಸವನ್ನು ಅದರ ಕೆಳಗೆ ಹಾಕಿ. ಬಾಯಿಯಲ್ಲಿ ಓದಿ ಹೋಲಿಸುವುದಕ್ಕಿಂತ ಇದು ಎಷ್ಟೋ ಮೇಲು. ವ್ಯತ್ಯಾಸ ಎಲ್ಲಿದೆ ಎಂದು ಕಣ್ಣಿಗೇ ಕಾಣುತ್ತದೆ.

ಹೆಚ್ಚಿನ ಸಲ ಮೇಲಿನ ಸಾಲು ಟೇಬಲ್ ಹೆಸರಿಗೆ ನಿಂತುಬಿಟ್ಟಿರುತ್ತದೆ, ಕೆಳಗಿನದು ಮುಂದೆ ಹೋಗಿರುತ್ತದೆ. ಹಾಗಿದ್ದರೆ ಕಾರಣ ಸಿಕ್ಕಿತು. ಹಾಗಲ್ಲದಿದ್ದರೆ ರೀಜನ್ (ಎಡಬ್ಲ್ಯುಎಸ್‌ನ ಡೇಟಾ ಸೆಂಟರ್‌ಗಳಿರುವ ಪ್ರದೇಶ) ನೋಡಿ. ಎಡಬ್ಲ್ಯುಎಸ್‌ಗೆ ಭಾರತದಲ್ಲಿ ಮುಂಬೈ ರೀಜನ್ 2016ರಿಂದ ಇದೆ, ಹೈದರಾಬಾದ್ ರೀಜನ್ 2022ರಲ್ಲಿ ಬಂತು. ಮೊದಲನೆಯದು ಎಪಿ-ಸೌತ್-1, ಎರಡನೆಯದು ಎಪಿ-ಸೌತ್-2. ಕೊನೆಯ ಒಂದು ಅಂಕಿ ಮಾತ್ರ ಬೇರೆ, ಕಣ್ತಪ್ಪುವುದು ಸುಲಭ. ಟೇಬಲ್‌ನ ಪ್ರತಿಯನ್ನು ಎರಡೂ ಕಡೆ ಇಟ್ಟವರು ಪಾಲಿಸಿಯಲ್ಲಿ ಒಂದೇ ರೀಜನ್ ಬರೆದಿದ್ದರೆ ಇನ್ನೊಂದು ಕಡೆ ಬಾಗಿಲು ಮುಚ್ಚಿರುತ್ತದೆ.

ಆ್ಯಕ್ಷನ್ ಕೂಡ ತಾಳೆಯಾಗಬೇಕು. ಇಂಡೆಕ್ಸ್ ಮೇಲೆ ನಡೆಯುವುದು ಕ್ವೆರಿ ಮತ್ತು ಸ್ಕ್ಯಾನ್ ಮಾತ್ರ. ಕೀ ಕೊಟ್ಟು ಒಂದೇ ದಾಖಲೆ ತೆಗೆಯುವ ‘ಗೆಟ್ ಐಟಂ’ಗೆ ಇಂಡೆಕ್ಸ್ ಹೆಸರು ಕೊಡಲು ಜಾಗವೇ ಇಲ್ಲ. ಹಾಗಾಗಿ ಇಂಡೆಕ್ಸ್ ವಿಳಾಸಕ್ಕೆ ಗೆಟ್ ಐಟಂ ಪರ್ಮಿಷನ್ ಕೊಟ್ಟು ಪ್ರಯೋಜನವಿಲ್ಲ. ಪಾರ್ಟಿಕ್ಯುಎಲ್ ಬಳಸಿ ಎಸ್‌ಕ್ಯುಎಲ್ ತರಹ ಬರೆಯುವವರಿಗೆ ಇನ್ನೊಂದು ಸೂಕ್ಷ್ಮ ಇದೆ. ಅದಕ್ಕೆ ‘ಪಾರ್ಟಿಕ್ಯುಎಲ್ ಸೆಲೆಕ್ಟ್’ ಎಂಬ ಬೇರೆಯೇ ಆ್ಯಕ್ಷನ್ ಬೇಕು. ಕ್ವೆರಿ ಪರ್ಮಿಷನ್ ಅದಕ್ಕೆ ಸಾಲದು.

ಹಂತ 5: ಬೇಕಾದಷ್ಟನ್ನೇ ಸೇರಿಸಿ

ಗೇಟ್ ಆ್ಯಪ್‌ಗೆ ಲಾಟ್ ನಂಬರ್ ಮೇಲೆ ಒಂದು ದಾಖಲೆ ತೆಗೆಯಬೇಕು, ಬೆಳೆಗಾರರ ಕೋಡ್ ಮೇಲೆ ಪಟ್ಟಿ ತೆಗೆಯಬೇಕು. ಅಷ್ಟೇ ಕೆಲಸ. ಹಾಗಾದರೆ ಪಾಲಿಸಿಯಲ್ಲಿ ಎರಡು ತುಂಡು ಸಾಕು.

ಮೊದಲ ತುಂಡು
ಎಫೆಕ್ಟ್: ಅಲೋ
ಆ್ಯಕ್ಷನ್: ಡೈನಮೋಡಿಬಿ:ಗೆಟ್‌ಐಟಂ
ರಿಸೋರ್ಸ್: …:ಟೇಬಲ್/ಕಾಫಿಆವಕ

ಎರಡನೇ ತುಂಡು
ಎಫೆಕ್ಟ್: ಅಲೋ
ಆ್ಯಕ್ಷನ್: ಡೈನಮೋಡಿಬಿ:ಕ್ವೆರಿ
ರಿಸೋರ್ಸ್: …:ಟೇಬಲ್/ಕಾಫಿಆವಕ/ಇಂಡೆಕ್ಸ್/ಬೆಳೆಗಾರದಿನಾಂಕ

ಎಲ್ಲ ಇಂಡೆಕ್ಸ್‌ಗಳಿಗೂ ಬೇಕಿದ್ದರೆ ಕೊನೆಯ ಹೆಸರಿನ ಬದಲು ನಕ್ಷತ್ರ ಹಾಕಿ ‘…:ಟೇಬಲ್/ಕಾಫಿಆವಕ/ಇಂಡೆಕ್ಸ್/*’ ಎಂದು ಬರೆಯಬಹುದು. ಇದು ತಪ್ಪೇನಲ್ಲ, ತುಂಬಾ ಜನ ಹೀಗೇ ಮಾಡುತ್ತಾರೆ. ಆದರೆ ನಾಳೆ ಯಾರೋ ಹೊಸ ಇಂಡೆಕ್ಸ್ ಮಾಡಿದರೆ ಅದೂ ತಾನಾಗಿಯೇ ತೆರೆದುಕೊಳ್ಳುತ್ತದೆ ಎಂಬುದು ನೆನಪಿರಲಿ.

ನಾನು ಬೇಡ ಎನ್ನುವುದು ‘…:ಟೇಬಲ್/ಕಾಫಿಆವಕ*’ ಎಂಬ ಅಡ್ಡದಾರಿಯನ್ನು. ಇದು ಕೆಲಸ ಮಾಡುತ್ತದೆ. ನಕ್ಷತ್ರ ಓರೆಗೆರೆಯನ್ನೂ ದಾಟುವುದರಿಂದ ಟೇಬಲ್, ಇಂಡೆಕ್ಸ್ ಎರಡೂ ತೆರೆಯುತ್ತವೆ. ಆದರೆ ಅದರ ಜೊತೆ ‘ಕಾಫಿಆವಕಹಣ’, ‘ಕಾಫಿಆವಕಬ್ಯಾಕಪ್’ ಎಂಬಂಥ ಟೇಬಲ್‌ಗಳಿದ್ದರೆ ಅವೂ ತೆರೆಯುತ್ತವೆ. ಯಾರಿಗೂ ಗೊತ್ತೇ ಆಗುವುದಿಲ್ಲ.

ಇಂಡೆಕ್ಸ್‌ಗೆ ಬೇರೆ ಪರ್ಮಿಷನ್ ಇರುವುದು ಅನುಕೂಲ ಎಂದು ಯಾಕೆ ಹೇಳಿದೆ ಎಂಬುದು ಇಲ್ಲಿ ಕಾಣುತ್ತದೆ. ಇಂಡೆಕ್ಸ್ ಮಾಡುವಾಗ ಯಾವ ಯಾವ ಕಾಲಂ ಅದಕ್ಕೆ ನಕಲಾಗಬೇಕು ಎಂದು ನೀವೇ ಹೇಳುತ್ತೀರಿ. ಅದನ್ನು ಪ್ರೊಜೆಕ್ಷನ್ ಎನ್ನುತ್ತಾರೆ. ಟೇಬಲ್‌ನಲ್ಲಿ ಬೆಳೆಗಾರರ ಫೋನ್, ಬ್ಯಾಂಕ್ ಅಕೌಂಟ್, ಒಪ್ಪಿದ ದರ ಎಲ್ಲ ಇದೆ ಎಂದುಕೊಳ್ಳಿ. ಇಂಡೆಕ್ಸ್‌ಗೆ ಮಾತ್ರ ತೂಕ, ಬಗೆ, ತೇವಾಂಶ ಇಷ್ಟನ್ನೇ ನಕಲಿಸಿ. ಆಮೇಲೆ ಗೇಟ್‌ನಲ್ಲಿ ಪಟ್ಟಿ ಮಾತ್ರ ತೋರಿಸುವ ಪರದೆಗೆ ಬೇರೆ ರೋಲ್ ಮಾಡಿ, ಅದಕ್ಕೆ ಇಂಡೆಕ್ಸ್ ಮೇಲಿನ ಕ್ವೆರಿ ಒಂದನ್ನೇ ಕೊಡಿ, ಟೇಬಲ್ ಮೇಲೆ ಏನೂ ಬೇಡ. ಆ ಪರದೆಯನ್ನು ಯಾರು ಹೇಗೆ ತಿರುಚಿದರೂ ಬ್ಯಾಂಕ್ ವಿವರ ಬರುವುದಿಲ್ಲ, ಏಕೆಂದರೆ ಅದು ಆ ಇಂಡೆಕ್ಸ್‌ನಲ್ಲಿ ಇಲ್ಲವೇ ಇಲ್ಲ. ತೋಟದವರು ನಂಬಿ ಕೊಟ್ಟ ವಿವರ ಅದು. ಅದನ್ನು ಕಾಯುವ ಹೊಣೆ ನಮ್ಮದು. ‘ಫುಲ್ ಆಕ್ಸೆಸ್’ ಕೊಟ್ಟ ದಿನ ಈ ರಕ್ಷಣೆ ಪೂರ್ತಿ ಹೋಗುತ್ತದೆ.

ಇದು ಗ್ಲೋಬಲ್ ಇಂಡೆಕ್ಸ್‌ಗೆ ಮಾತ್ರ ಸಲ್ಲುವ ಉಪಾಯ. ಲೋಕಲ್ ಇಂಡೆಕ್ಸ್‌ನಲ್ಲಿ ಇಲ್ಲದ ಕಾಲಂ ಕೇಳಿದರೆ ಡೈನಮೋಡಿಬಿ ಟೇಬಲ್‌ನಿಂದ ತಂದುಕೊಡುತ್ತದೆ. ಆದ್ದರಿಂದ ಅದನ್ನು ನಂಬಿ ಏನನ್ನೂ ಮುಚ್ಚಿಡಬೇಡಿ. ಇನ್ನೊಂದು ವಿಷಯ: ಟೇಬಲ್‌ಗೆ ಬರೆಯುವ ರೋಲ್‌ಗೆ ಇಂಡೆಕ್ಸ್ ಪರ್ಮಿಷನ್ ಬೇಕಿಲ್ಲ. ಟೇಬಲ್‌ಗೆ ಬರೆದದ್ದನ್ನು ಇಂಡೆಕ್ಸ್‌ಗೆ ಸೇರಿಸುವ ಕೆಲಸ ಡೈನಮೋಡಿಬಿಯದೇ. ಹೊಸ ಇಂಡೆಕ್ಸ್ ಮಾಡಲು ಬೇಕಿರುವುದು ಟೇಬಲ್ ಮೇಲಿನ ‘ಅಪ್‌ಡೇಟ್ ಟೇಬಲ್’ ಪರ್ಮಿಷನ್. ಅದು ಗೇಟ್ ಆ್ಯಪ್‌ಗೆ ಯಾವ ಕಾರಣಕ್ಕೂ ಬೇಡ.

ಹಂತ 6: ಸೇರಿಸಿದ ಮೇಲೂ ಬೇಡ ಎನ್ನುತ್ತಿದ್ದರೆ

ಮೊದಲು ಸ್ವಲ್ಪ ಹೊತ್ತು ಬಿಟ್ಟು ನೋಡಿ. ಐಎಎಂ ಬದಲಾವಣೆ ಎಲ್ಲ ಕಡೆ ಹರಡಲು ಸಮಯ ಬೇಕು. ಆಮೇಲೂ ಅದೇ ಉತ್ತರ ಬಂದರೆ ಮೆಸೇಜ್‌ನ ಕೊನೆಯ ಭಾಗಕ್ಕೆ ಹಿಂತಿರುಗಿ. ಯಾವ ಪದರದಲ್ಲಿ ತಡೆ ಇದೆ ಎಂದು ಅದು ಹೆಸರು ಹಿಡಿದು ಹೇಳುತ್ತದೆ.

‘ನೋ ಐಡೆಂಟಿಟಿ ಬೇಸ್ಡ್ ಪಾಲಿಸಿ ಅಲೋಸ್’ ಎಂದಿದ್ದರೆ ರೋಲ್‌ನ ಪಾಲಿಸಿಯಲ್ಲಿ ಇನ್ನೂ ಆ ಅನುಮತಿ ಇಲ್ಲ. ಬೇರೆ ರೋಲ್‌ಗೆ ಸೇರಿಸಿಬಿಟ್ಟಿದ್ದೀರಾ ನೋಡಿ. ‘ಎಕ್ಸ್‌ಪ್ಲಿಸಿಟ್ ಡಿನೈ’ ಎಂದಿದ್ದರೆ ಎಲ್ಲೋ ಒಂದು ಕಡೆ ಸ್ಪಷ್ಟವಾಗಿ ಬೇಡ ಎಂದು ಬರೆದಿದೆ. ಆಗ ಎಷ್ಟು ‘ಅಲೋ’ ಸೇರಿಸಿದರೂ ಫಲವಿಲ್ಲ. ಐಎಎಂನಲ್ಲಿ ಒಂದು ‘ಡಿನೈ’ ನೂರು ‘ಅಲೋ’ಗಿಂತ ಮೇಲು. ಆ ಡಿನೈ ಹುಡುಕಿ ಯಾಕೆ ಬರೆದರು ಎಂದು ಮೊದಲು ಕೇಳಿ. ಸ್ಕ್ಯಾನ್ ಮಾಡಿ ಬಿಲ್ ಏರಿಸಬಾರದು ಎಂದು ಯಾರೋ ಬೇಕೆಂದೇ ಹಾಕಿರಬಹುದು.

‘ಪರ್ಮಿಷನ್ಸ್ ಬೌಂಡರಿ’ ಎಂದಿದ್ದರೆ ಆ ರೋಲ್‌ಗೆ ಒಂದು ಮೇಲ್ಮಿತಿ ಹಾಕಿದ್ದಾರೆ. ಮಿತಿಯಲ್ಲೂ ಇಂಡೆಕ್ಸ್ ವಿಳಾಸ ಸೇರಬೇಕು. ‘ಸರ್ವಿಸ್ ಕಂಟ್ರೋಲ್ ಪಾಲಿಸಿ’ ಎಂದಿದ್ದರೆ ಇಡೀ ಸಂಸ್ಥೆಯ ಮಟ್ಟದ ತಡೆ ಅದು, ನಿಮ್ಮ ಅಕೌಂಟ್ ಒಳಗೆ ಕೂತು ಏನೂ ಮಾಡಲಾಗದು. ‘ವಿಪಿಸಿ ಎಂಡ್‌ಪಾಯಿಂಟ್ ಪಾಲಿಸಿ’ ಎಂದರೆ ಖಾಸಗಿ ನೆಟ್‌ವರ್ಕ್‌ನಿಂದ ಡೈನಮೋಡಿಬಿಗೆ ಹೋಗುವ ದಾರಿಯಲ್ಲಿ ತಡೆ. ಮನೆಯಿಂದ ನಡೆದು, ಸರ್ವರ್‌ನಿಂದ ನಡೆಯದಿದ್ದರೆ ಇದನ್ನೂ ನೋಡಬೇಕು. ಅಲ್ಲಿಯೂ ಟೇಬಲ್ ಮಾತ್ರ ಬರೆದು ಇಂಡೆಕ್ಸ್ ಬಿಟ್ಟಿರುವುದು ಉಂಟು.

2024ರಿಂದ ಡೈನಮೋಡಿಬಿ ಟೇಬಲ್‌ಗೇ ನೇರವಾಗಿ ಪಾಲಿಸಿ ಅಂಟಿಸಬಹುದು. ಬೇರೆ ಅಕೌಂಟ್‌ನವರಿಗೆ ಓದಲು ಕೊಡುವಾಗ ಇದು ಬೇಕಾಗುತ್ತದೆ. ಆಗ ಎರಡೂ ಕಡೆ ಅನುಮತಿ ಇರಬೇಕು: ಟೇಬಲ್‌ನ ಪಾಲಿಸಿಯಲ್ಲೂ, ಕೇಳುವವರ ರೋಲ್‌ನಲ್ಲೂ. ಇಂಡೆಕ್ಸ್ ವಿಳಾಸವನ್ನೂ ಎರಡೂ ಕಡೆ ಬರೆಯಬೇಕು.

ಕೆಲವು ಪಾಲಿಸಿಗಳಲ್ಲಿ ‘ಈ ಕಾಲಂಗಳನ್ನು ಮಾತ್ರ ಓದಬಹುದು’ ಎಂಬ ಕಂಡಿಷನ್ ಇರುತ್ತದೆ. ಅಂಥ ಕಡೆ ಕ್ವೆರಿಯಲ್ಲಿ ಕಾಲಂ ಹೆಸರುಗಳನ್ನು ಹೇಳದೆ ಎಲ್ಲವನ್ನೂ ಕೇಳಿದರೆ ಡಿನೈಡ್ ಬರುತ್ತದೆ. ವಿಳಾಸ, ಆ್ಯಕ್ಷನ್ ಎರಡೂ ಸರಿಯಿದ್ದು ತೊಂದರೆ ಹೋಗದಿದ್ದರೆ ಕಂಡಿಷನ್ ಭಾಗ ಓದಿ.

ಎನ್‌ಕ್ರಿಪ್ಷನ್ ಕೀ ಬಗ್ಗೆ ಅನುಮಾನ ಬಂದವರಿಗೆ ಒಂದು ಸುಲಭ ಪರೀಕ್ಷೆ ಇದೆ. ಟೇಬಲ್ ಮತ್ತು ಅದರ ಇಂಡೆಕ್ಸ್‌ಗಳಿಗೆ ಕೀ ಒಂದೇ. ಹಾಗಾಗಿ ಕೀ ತೊಂದರೆಯಿದ್ದರೆ ಲಾಟ್ ನಂಬರ್ ಹುಡುಕಾಟವೂ ಸೋಲಬೇಕು. ಅದೇ ರೋಲ್‌ನಲ್ಲಿ ಅದು ನಡೆಯುತ್ತಿದ್ದರೆ ಕೀ ಕಡೆ ಹೋಗಬೇಡಿ.

ಕೋಡ್‌ನಿಂದಲೇ ಪಾಲಿಸಿ ಮಾಡುವವರಿಗೆ

ಕ್ಲೌಡ್‌ಫಾರ್ಮೇಷನ್, ಸ್ಯಾಮ್, ಸಿಡಿಕೆ ಮೂರೂ ಟೇಬಲ್, ಪರ್ಮಿಷನ್‌ಗಳನ್ನು ಕೋಡ್‌ನಿಂದ ಸೃಷ್ಟಿಸುವ ಎಡಬ್ಲ್ಯುಎಸ್ ಸಾಧನಗಳು. ಕ್ಲೌಡ್‌ಫಾರ್ಮೇಷನ್‌ನಲ್ಲಿ ಟೇಬಲ್‌ನ ‘ಎಆರ್‌ಎನ್’ ಗುಣ ಕೇಳಿದರೆ ಟೇಬಲ್ ವಿಳಾಸ ಮಾತ್ರ ಬರುತ್ತದೆ. ಅದರ ಮುಂದೆ ‘/ಇಂಡೆಕ್ಸ್/*’ ಅಂಟಿಸಿ ಇನ್ನೊಂದು ಸಾಲು ನೀವೇ ಬರೆಯಬೇಕು. ಸ್ಯಾಮ್‌ನ ಸಿದ್ಧ ಟೆಂಪ್ಲೇಟ್‌ಗಳಾದ ಡೈನಮೋಡಿಬಿ ರೀಡ್ ಪಾಲಿಸಿ, ಕ್ರಡ್ ಪಾಲಿಸಿಗಳಲ್ಲಿ ಇಂಡೆಕ್ಸ್ ಸಾಲು ಮೊದಲೇ ಇದೆ.

ಸಿಡಿಕೆಯಲ್ಲಿ ಒಂದು ತೊಡಕಿದೆ. ಟೇಬಲ್ಲನ್ನು ಅದೇ ಕೋಡ್‌ನಲ್ಲಿ ಹುಟ್ಟಿಸಿ, ಇಂಡೆಕ್ಸ್ ಸೇರಿಸಿ, ‘ಗ್ರಾಂಟ್ ರೀಡ್ ಡೇಟಾ’ ಕರೆದರೆ ಇಂಡೆಕ್ಸ್ ಪರ್ಮಿಷನ್ ತಾನಾಗಿ ಸೇರುತ್ತದೆ. ಆದರೆ ಮೊದಲೇ ಇರುವ ಟೇಬಲ್ಲನ್ನು ವಿಳಾಸ ಕೊಟ್ಟು ಕರೆಸಿಕೊಂಡರೆ ಅದಕ್ಕೆ ಇಂಡೆಕ್ಸ್ ಇದೆ ಎಂದು ಸಿಡಿಕೆಗೆ ಗೊತ್ತಿರುವುದಿಲ್ಲ. ಅದು ಟೇಬಲ್‌ಗೆ ಮಾತ್ರ ಪರ್ಮಿಷನ್ ಬರೆಯುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆಗ ‘ಫ್ರಮ್ ಟೇಬಲ್ ಆ್ಯಟ್ರಿಬ್ಯೂಟ್ಸ್’ ಬಳಸಿ ಇಂಡೆಕ್ಸ್ ಹೆಸರುಗಳನ್ನು ಕೊಡಿ, ಇಲ್ಲವೇ ‘ಗ್ರಾಂಟ್ ಇಂಡೆಕ್ಸ್ ಪರ್ಮಿಷನ್ಸ್’ ಆನ್ ಮಾಡಿ.

ಹಂತ 7: ಪರೀಕ್ಷೆ ಮಾಡಿ, ಆಗಬಾರದ್ದನ್ನೂ ಪರೀಕ್ಷಿಸಿ

ಐಎಎಂ ಪಾಲಿಸಿ ಸಿಮ್ಯುಲೇಟರ್‌ನಲ್ಲಿ ರೋಲ್ ಆರಿಸಿ, ಕ್ವೆರಿ ಆ್ಯಕ್ಷನ್ ಆರಿಸಿ, ರಿಸೋರ್ಸ್ ಜಾಗದಲ್ಲಿ ಇಂಡೆಕ್ಸ್‌ನ ಪೂರ್ತಿ ವಿಳಾಸ ಹಾಕಿ. ಆ ಜಾಗವನ್ನು ಹಾಗೇ ಬಿಟ್ಟರೆ ಅದು ನಕ್ಷತ್ರ ಎಂದುಕೊಂಡು ದಾರಿ ತಪ್ಪಿಸುವ ಉತ್ತರ ಕೊಡುತ್ತದೆ. ಆಮೇಲೆ ಅಸಲಿ ರೋಲ್‌ನಲ್ಲೇ ಮೂರು ಪ್ರಯೋಗ ಮಾಡಿ. ಲಾಟ್ ನಂಬರ್‌ನಿಂದ ಗೆಟ್ ಐಟಂ: ಬರಬೇಕು. ಬೆಳೆಗಾರರ ಕೋಡ್‌ನಿಂದ ಇಂಡೆಕ್ಸ್ ಕ್ವೆರಿ: ಬರಬೇಕು. ಇಂಡೆಕ್ಸ್ ಮೇಲೆ ಸ್ಕ್ಯಾನ್: ಬರಬಾರದು. ಮೂರನೆಯದೂ ಬಂದರೆ ಎಲ್ಲೋ ಜಾಸ್ತಿ ಕೊಟ್ಟಿದ್ದೀರಿ.

ಎಡಬ್ಲ್ಯುಎಸ್‌ನಲ್ಲಿ ಯಾರು ಏನು ಮಾಡಿದರು ಎಂದು ದಾಖಲಿಸುವ ಕ್ಲೌಡ್‌ಟ್ರೇಲ್‌ನಲ್ಲಿ ಹುಡುಕಿ ಸುಸ್ತಾಗುವವರಿಗೆ ಒಂದು ಮಾತು. ಇಂಡೆಕ್ಸ್ ಮಾಡಿದ್ದು, ತೆಗೆದದ್ದು ಅಲ್ಲಿ ತಾನಾಗಿ ದಾಖಲಾಗುತ್ತದೆ. ಕ್ವೆರಿ, ಸ್ಕ್ಯಾನ್ ದಾಖಲಾಗುವುದಿಲ್ಲ. ಅವು ಬೇಕಿದ್ದರೆ ಡೇಟಾ ಇವೆಂಟ್ಸ್ ಆನ್ ಮಾಡಬೇಕು. ಅದಕ್ಕೆ ಬೇರೆ ಖರ್ಚಿದೆ.

ಪರ್ಮಿಷನ್ ಕೊಡುವವರು ಬೇರೆ ಊರಲ್ಲಿದ್ದರೆ

ಚಿಕ್ಕಮಗಳೂರಿನಲ್ಲಿ ಕೂತು ಆ್ಯಪ್ ನೋಡಿಕೊಳ್ಳುವವರ ಕೈಯಲ್ಲಿ ಐಎಎಂ ಇರದಿರಬಹುದು. ಅಡ್ಮಿನ್ ಬೆಂಗಳೂರಿನಲ್ಲಿದ್ದರೆ ‘ಸರ್, ಡೇಟಾಬೇಸ್ ಆಕ್ಸೆಸ್ ಇಲ್ಲ’ ಎಂದಷ್ಟೇ ಕಳಿಸಿದರೆ ನಾಲ್ಕು ಸಲ ಫೋನ್ ಆಗುತ್ತದೆ, ಕೊನೆಗೆ ಅವರೂ ಬೇಸತ್ತು ಫುಲ್ ಆಕ್ಸೆಸ್ ಕೊಟ್ಟುಬಿಡಬಹುದು. ಬದಲಿಗೆ ಹೀಗೆ ಬರೆಯಿರಿ:

‘ನಮಸ್ಕಾರ ಸರ್. ಗೇಟ್ ಆ್ಯಪ್‌ನ ಲ್ಯಾಂಬ್ಡಾ ರೋಲ್‌ಗೆ ಕಾಫಿಆವಕ ಟೇಬಲ್ ಓದಲು ಆಗುತ್ತಿದೆ. ಬೆಳೆಗಾರದಿನಾಂಕ ಇಂಡೆಕ್ಸ್ ಮೇಲೆ ಕ್ವೆರಿ ಮಾಡಿದರೆ ಆಕ್ಸೆಸ್ ಡಿನೈಡ್ ಬರುತ್ತಿದೆ. ಐಡೆಂಟಿಟಿ ಪಾಲಿಸಿಯಲ್ಲಿ ಅನುಮತಿ ಇಲ್ಲ ಎಂದು ಮೆಸೇಜ್ ಹೇಳುತ್ತಿದೆ. ಈ ಒಂದು ಇಂಡೆಕ್ಸ್ ವಿಳಾಸಕ್ಕೆ ಕ್ವೆರಿ ಮಾತ್ರ ಸೇರಿಸಿಕೊಡಿ. ಸ್ಕ್ಯಾನ್ ಬೇಡ. ಪೂರ್ತಿ ಮೆಸೇಜ್, ಸಮಯ, ರಿಕ್ವೆಸ್ಟ್ ಐಡಿ ಕೆಳಗಿದೆ.’

ಆಕ್ಸೆಸ್ ಕೀ, ಸೀಕ್ರೆಟ್ ಕೀಗಳನ್ನು ಮಾತ್ರ ಯಾವತ್ತೂ ಕಳಿಸಬೇಡಿ, ವಾಟ್ಸ್‌ಆ್ಯಪ್‌ನಲ್ಲಂತೂ ಬೇಡವೇ ಬೇಡ.

ಬೇರೆ ಡೇಟಾಬೇಸ್ ಬಳಸುತ್ತಿದ್ದರೆ

ಇದೇ ನಿಯಮವನ್ನು ಎಲ್ಲ ಕಡೆ ಹೊತ್ತುಕೊಂಡು ಹೋಗಬೇಡಿ. ಗೂಗಲ್‌ನ ಕ್ಲೌಡ್ ಡೇಟಾಬೇಸ್ ಆದ ಫೈರ್‌ಸ್ಟೋರ್‌ನಲ್ಲಿ ಇಂಡೆಕ್ಸ್ ಓದಲು ಬೇರೆ ಪರ್ಮಿಷನ್ ಇಲ್ಲ. ‘ಫೇಲ್ಡ್ ಪ್ರೀಕಂಡಿಷನ್’ ಎಂದು ಬಂದು ಜೊತೆಗೆ ಒಂದು ಲಿಂಕ್ ಕೊಟ್ಟರೆ, ಬೇಕಾದ ಇಂಡೆಕ್ಸ್ ಇನ್ನೂ ಮಾಡಿಲ್ಲ ಎಂದರ್ಥ. ಲಿಂಕ್ ಒತ್ತಿದರೆ ಮಾಡಬಹುದು, ಅದಕ್ಕೆ ‘ಡೇಟಾಸ್ಟೋರ್ ಇಂಡೆಕ್ಸ್ ಅಡ್ಮಿನ್’ ನಂಥ ರೋಲ್ ಬೇಕು. ‘ಪರ್ಮಿಷನ್ ಡಿನೈಡ್’ ಬಂದರೆ ಸೆಕ್ಯುರಿಟಿ ರೂಲ್ಸ್ ನೋಡಿ. ಅಲ್ಲಿ ರೂಲ್ಸ್ ದಾಖಲೆಗಳನ್ನು ಸೋಸಿ ಕೊಡುವುದಿಲ್ಲ. ನಿಮಗೆ ಸಲ್ಲದ ಒಂದು ದಾಖಲೆ ಬರುವ ಸಾಧ್ಯತೆ ಇದ್ದರೂ ಇಡೀ ಕ್ವೆರಿಯನ್ನೇ ತಳ್ಳಿಹಾಕುತ್ತದೆ. ಕ್ವೆರಿಯಲ್ಲೇ ‘ನನ್ನ ಕೋಡ್‌ನವು ಮಾತ್ರ’ ಎಂದು ಕೇಳಬೇಕು.

ಕ್ಲೌಡ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಟ್ಟವರಿಗೂ ಓದುವಾಗ ಇಂಡೆಕ್ಸ್ ಪರ್ಮಿಷನ್ ಎಂಬುದಿಲ್ಲ. ಟೇಬಲ್ ಮೇಲೆ ‘ಸೆಲೆಕ್ಟ್’ ಇದ್ದರೆ ಸಾಕು, ಇಂಡೆಕ್ಸ್ ಬಳಸಬೇಕೋ ಬೇಡವೋ ಎಂದು ಅದೇ ತೀರ್ಮಾನಿಸುತ್ತದೆ. ತೊಂದರೆ ಬರುವುದು ಇಂಡೆಕ್ಸ್ ಮಾಡುವಾಗ. ‘ಮಸ್ಟ್ ಬಿ ಓನರ್ ಆಫ್ ಟೇಬಲ್’ ಎಂದು ಬಂದರೆ ಗ್ರಾಂಟ್ ಕೊಟ್ಟು ಬಿಡಿಸಲಾಗದು, ಏಕೆಂದರೆ ಇಂಡೆಕ್ಸ್ ಮಾಡಲು ಬೇರೆ ಗ್ರಾಂಟ್ ಇಲ್ಲ. ಟೇಬಲ್‌ನ ಒಡೆತನ ಯಾವ ರೋಲ್‌ನದೋ ಆ ರೋಲ್‌ನಲ್ಲಿ ನಿಮ್ಮ ಲಾಗಿನ್ ಸದಸ್ಯನಾಗಬೇಕು. ಒಡೆತನ ಇದ್ದೂ ‘ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ’ ಎಂದರೆ ಆ ಸ್ಕೀಮಾ (ಟೇಬಲ್‌ಗಳನ್ನು ಗುಂಪಾಗಿ ಇಡುವ ಜಾಗ) ಮೇಲೆ ‘ಕ್ರಿಯೇಟ್’ ಅನುಮತಿ ಇಲ್ಲ. 2022ರಲ್ಲಿ ಬಂದ 15ನೇ ಆವೃತ್ತಿಯಿಂದ ಹೊಸ ಡೇಟಾಬೇಸ್‌ಗಳ ಪಬ್ಲಿಕ್ ಸ್ಕೀಮಾದಲ್ಲಿ ಅದು ಎಲ್ಲರಿಗೂ ತಾನಾಗಿ ಸಿಗುವುದಿಲ್ಲ. ಡೇಟಾಬೇಸ್‌ನ ಒಡೆಯರಿಂದ ಆ ಗ್ರಾಂಟ್ ಕೇಳಿ ಪಡೆಯಿರಿ.